ಮೊದಲ ಸಾಲು

ಅಕ್ಷರಾನುಕ್ರಮವಂತೆ! ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅವನು ಆ ಪುಟವನ್ನು ಮತ್ತೆ ತೆರೆದು ನೋಡಿದ್ದ. ಬೆಳಗಾಗುವುದರೊಳಗೆ ಯಾರಿಗಾದರೂ ಬುದ್ಧಿ ಬಂದು ಬದಲಾಯಿಸಿರಬಹುದು ಎಂಬ ಒಂದು ಹುಚ್ಚು ಆಸೆ. ಯಾರಿಗೂ ಬಂದಿರಲಿಲ್ಲ. ಅರವತ್ತೆಂಟು ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರು ನಲವತ್ತೊಂದನೆಯ ಸಾಲಿನಲ್ಲಿ ನಿನ್ನೆ ಹೇಗೆ ಕೂತಿತ್ತೋ ಹಾಗೇ ಕೂತಿತ್ತು. ಮೇಲಿನ ಸಾಲಿನವನು ಬಳಕೆಯ ಕೈಪಿಡಿಯಲ್ಲಿ ಒಂದೇ ಒಂದು ಅಲ್ಪವಿರಾಮ ಸರಿಮಾಡಿದ ಪುಣ್ಯಾತ್ಮ. ಕೆಳಗಿನ ಸಾಲಿನವಳು ಪರದೆಯ ಮೂಲೆಗೆಂದು ಒಂದು ಮಂಚದ ಚಿತ್ರ ಬಿಡಿಸಿಕೊಟ್ಟವಳು. ಅವರಿಬ್ಬರ ನಡುವೆ, ಬಸ್ಸಿನ ಮೂರು ಜನರ ಸೀಟಿನಲ್ಲಿ ನಡುವೆ ಸಿಕ್ಕಿಕೊಂಡವನಂತೆ, ಹತ್ತೊಂಬತ್ತು ವರ್ಷ ಆ ತಂತ್ರಾಂಶವನ್ನು ಹೆತ್ತು ಹೊತ್ತು ಸಾಕಿದವನು. ಅವನು ಕೆಲಸ ಮಾಡುವ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೆ ಪ್ರಿನ್ಸಿಪಾಲರು 'ನಮ್ಮ ಲ್ಯಾಬಿನವರನ್ನ ಕರೀರಿ' ಅನ್ನುತ್ತಾರೆ. ಹೆಸರು ಹಿಡಿದು ಕರೆದದ್ದು ಅವನಿಗೆ ನೆನಪಿಲ್ಲ. ಅದನ್ನು ಅವನು ಎಂದೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಾಣದ ಊರುಗಳ ಆಸ್ಪತ್ರೆಗಳಲ್ಲಿ ಅವನ ಹೆಸರು ಮೊದಲ ಸಾಲಿನಲ್ಲಿದೆ ಎಂಬ ಒಂದು ಬೆಚ್ಚನೆಯ ಗುಟ್ಟು ಅವನ ಜೇಬಿನಲ್ಲಿರುತ್ತಿತ್ತು.

ಅವನ ತಂತ್ರಾಂಶದ ಹೆಸರು 'ಸರದಿ'. ಆಸ್ಪತ್ರೆಯ ನರ್ಸುಗಳಿಗೆ ತಿಂಗಳ ಡ್ಯೂಟಿ ಹಂಚುವುದು ಅದರ ಕೆಲಸ: ಯಾರಿಗೆ ಬೆಳಿಗ್ಗೆ, ಯಾರಿಗೆ ಮಧ್ಯಾಹ್ನ, ಯಾರಿಗೆ ರಾತ್ರಿ, ರಾತ್ರಿ ಮುಗಿಸಿದವರಿಗೆ ಎಷ್ಟು ಬಿಡುವು. ಬರೆದು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟಿದ್ದ. ಯಾರು ಬೇಕಾದರೂ ತೆಗೆದುಕೊಳ್ಳಿ, ಬಿಚ್ಚಿ ನೋಡಿ, ಹರಿದು ಹೊಲಿಯಿರಿ, ಇನ್ನೊಬ್ಬರಿಗೆ ಕೊಡಿ. ದುಡಿದವರ ಹೆಸರು ಮಾತ್ರ ಅಳಿಸಬೇಡಿ. ಮುಕ್ತ ತಂತ್ರಾಂಶದ ಮಂದಿಯ ರಿವಾಜೇ ಅದು. ಅಲ್ಲಿ ಸಂಬಳವಿಲ್ಲ, ಬಡ್ತಿಯಿಲ್ಲ, ಹಾರ ತುರಾಯಿಯಿಲ್ಲ. ಇರುವುದೊಂದೇ, ಪಟ್ಟಿಯಲ್ಲಿ ಹೆಸರು. ಹೋದ ವರ್ಷ ಜೊತೆಗಿದ್ದ ಹತ್ತಾರು ಜನ ಅವನೊಡನೆ ಜಗಳವಾಡಿ, ಇಡೀ ತಂತ್ರಾಂಶದ ಒಂದು ಪ್ರತಿಯನ್ನು ಎತ್ತಿಕೊಂಡು ಹೋಗಿ ಬೇರೆ ಒಲೆ ಹೂಡಿದರು. ಅದಕ್ಕೆ 'ಹಗುರ' ಎಂದು ಹೆಸರಿಟ್ಟರು. ಹಾಗೆ ಮಾಡಲು ಅವರಿಗೆ ಹಕ್ಕಿತ್ತು. ಆ ಹಕ್ಕನ್ನು ಬರೆದುಕೊಟ್ಟವನೇ ಅವನು. ಆರು ತಿಂಗಳಲ್ಲಿ ಆಸ್ಪತ್ರೆಗಳೆಲ್ಲ ಒಂದೊಂದಾಗಿ ಅತ್ತ ಹೊರಟುಹೋದವು. ಅವನು ಸಿಟ್ಟಿಗೆದ್ದು ಪತ್ರ ಬರೆದಾಗ ಹೊಸ ಗುಂಪಿನ ಮುಂದಾಳು ಸಮಾಧಾನವಾಗಿ ಉತ್ತರಿಸಿದ್ದಳು: 'ನಿಮ್ಮ ಹೆಸರು ಅಳಿಸಿಲ್ಲ ಸರ್, ಎಲ್ಲರ ಜೊತೆ ಜೋಡಿಸಿದೀವಿ.' ತನ್ನ ಚಿತ್ರದ ಜಾಗದಲ್ಲಿ ಅವಳು ಒಂದು ಗುಬ್ಬಿಯ ಚಿತ್ರ ಹಾಕಿಕೊಂಡಿದ್ದಳು. ಅವನು ಮನಸ್ಸಿನಲ್ಲಿ ಅವಳನ್ನು ಗುಬ್ಬಿ ಎಂದೇ ಕರೆಯುತ್ತಿದ್ದ. ಇಷ್ಟು ಗಾತ್ರದ್ದು, ಗೂಡು ಮಾತ್ರ ಪರರ ಮನೆಯಲ್ಲಿ.

"ಇವತ್ತೂ ರಜಾ ಹಾಕಿದೀರಾ?" ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು.

"ನಾಲ್ಕು ಗಂಟೆಗೆ ಮೀಟಿಂಗು. ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗ್ಬೇಕು."

"ಪುಕ್ಕಟೆ ಕೊಟ್ಟಿದ್ದಕ್ಕೆ ಇಷ್ಟು ರಾದ್ಧಾಂತನಾ? ಮಾರಿದ್ರೆ ಇನ್ನೇನು ಮಾಡ್ತಿದ್ರೋ."

"ಕೊಟ್ಟಿದ್ದು ತಂತ್ರಾಂಶ. ಹೆಸರು ಕೊಟ್ಟಿಲ್ಲ."

ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ಅವಳ ಆ ನಿಲುವನ್ನು ಅವನು ಬಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವಳು ಎತ್ತಿದ ದನಿಯಲ್ಲಿ ಜಗಳವಾಡಿದ್ದಿಲ್ಲ. ಬಾಗಿಲಿಗೆ ಒರಗಿ ಒಂದು ಪ್ರಶ್ನೆ ಕೇಳಿ ಹೋಗಿಬಿಡುತ್ತಾಳೆ. "ಅಲ್ಲಾ ರೀ, ಆ ಪಟ್ಟಿಲಿ ನಿಮ್ಮಕ್ಕನ ಹೆಸರು ಎಲ್ಲಿದೆ?"

"ಅಕ್ಕ ಒಂದು ಸಾಲು ಕೋಡ್ ಬರೆದಿಲ್ಲ."

"ಈಗ ಅಲ್ಲಿ ಓಡ್ತಿರೋ ಕೋಡ್‌ನ ನೀವೂ ಬರೆದಿಲ್ವಲ್ಲ. ಅವರೇ ಹೊಸದಾಗಿ ಬರ್ಕೊಂಡ್ರು ಅಂತ ನೀವೇ ಅಂದ್ರಿ."

ಹೋದಳು. ಕುಕ್ಕರಿನ ಸೀಟಿ ಕೂಗಿತು. ಅವನು ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಗುಬ್ಬಿಯ ಪತ್ರವನ್ನು ಹತ್ತನೆಯ ಸಲ ಓದಿದ. ಬರವಣಿಗೆ ಸಭ್ಯವಾಗಿತ್ತು, ಅದೇ ಅವನಿಗೆ ಹೆಚ್ಚು ಉರಿ ಹತ್ತಿಸಿತು. 'ಸರ್, ನಿಮ್ಮ ಕೋಡ್ ಈಗ ಒಂದು ಸಾಲೂ ಉಳಿದಿಲ್ಲ. ಆದರೆ ರಾತ್ರಿಗಳನ್ನು ಹಂಚುವ ವಿಧಾನ ನಿಮ್ಮದೇ ಆಗಿದ್ದರೆ ಮೊದಲ ಸಾಲು ನಿಮ್ಮದೇ, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಸರದಿ ಹೊರಬಂದ ವರ್ಷವೇ ಇದೇ ವಿಧಾನವನ್ನು ಒಂದು ಪತ್ರಿಕೆಯಲ್ಲಿ ಬರೆದಿದ್ದೇನೆಂದು ಒಬ್ಬ ವೈದ್ಯರು ಹೇಳುತ್ತಿದ್ದಾರೆ. ಅದಕ್ಕಿಂತ ಹಳೆಯದಾದ ಏನಾದರೂ ನಿಮ್ಮ ಬಳಿ ಇದ್ದರೆ ತೋರಿಸಿ.' ಇದೆ, ನನ್ನ ಹಳೆಯ ಟಿಪ್ಪಣಿ ಪುಸ್ತಕಗಳಿವೆ ಎಂದು ಅವನು ಕೂಡಲೇ ಬರೆದಿದ್ದ. ನನ್ನ ಎಂಬ ಪದ ಬೆರಳ ತುದಿಯಿಂದ ತಾನಾಗಿ ಇಳಿದುಬಿಟ್ಟಿತ್ತು. ಕಳಿಸಿದ ಮೇಲೆ ಅದನ್ನು ನೋಡಿದ, ತಿದ್ದಬಹುದಿತ್ತು, ತಿದ್ದಲಿಲ್ಲ. ಅಕ್ಕನದೂ ನನ್ನದೂ ಎಂದು ನಮ್ಮ ಮನೆಯಲ್ಲಿ ಯಾವತ್ತು ಭೇದ ಮಾಡಿದ್ದೇವೆ ಎಂದು ತನಗೆ ತಾನೇ ಹೇಳಿಕೊಂಡ.

ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೊಂದು. ಅಪ್ಪ ಎನ್ನುವವರು ಅದಕ್ಕೂ ಮುಂಚೆಯೇ ಇರಲಿಲ್ಲ. ಅಕ್ಕನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ, ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಸಿಕ್ಕಿತ್ತು. ಅವಳಿಗೆ ನೈಟ್ ಡ್ಯೂಟಿ ಇದ್ದ ದಿನ ಅವನು ಒಳಗಿನಿಂದ ಚಿಲಕ ಹಾಕಿಕೊಂಡು, ದೀಪ ಆರಿಸದೆ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಪಕ್ಕದ ಕೋಣೆಯ ನರ್ಸಮ್ಮನ ಮಗಳು ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಎಣಿಸಿ ಅವನಿಗೆ ಹೇಳಿದ್ದಳು: 'ನಮ್ಮಮ್ಮಂಗೆ ಏಳು ನೈಟು. ನಿಮ್ಮಕ್ಕಂಗೆ ಎಂಟು. ಪ್ರತಿ ತಿಂಗಳೂ ಎಂಟೇ. ನಿಮ್ಮಕ್ಕ ಪೆದ್ದಿ, ಎಲ್ರೂ ಅವಳ ತಲೆ ಮೇಲೆ ಹಾಕ್ತಾರೆ.' ಆ ಎಂಟನೆಯ ರಾತ್ರಿ ಅವನಿಗೆ ಎಲ್ಲಕ್ಕಿಂತ ಉದ್ದವಾಗಿ ಕಾಣುತ್ತಿತ್ತು. ಅಕ್ಕನ ಮೇಲೆ ಅವನಿಗೆ ಆಗ ಬಂದ ಸಿಟ್ಟು ಪ್ರೀತಿಯ ಜೊತೆಗೇ ಬೆಳೆದು, ಯಾವುದು ಯಾವುದೆಂದು ಬೇರ್ಪಡಿಸಲಾರದ ಹಾಗಾಗಿತ್ತು. ಬಸ್ಸಿನ ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಅವನು ಇಳಿಯಬೇಕಾದ ಸ್ಟಾಪ್ ಬಂದಿದೆಯೆಂದು ತಿಳಿಯಿತು.

ಅಕ್ಕ ಈಗ ಅದೇ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಎರಡನೆಯ ಮಹಡಿಯ ಒಂದು ಪುಟ್ಟ ಮನೆಯಲ್ಲಿದ್ದಾಳೆ. ನಿವೃತ್ತಿಯಾಗಿ ಎಂಟು ವರ್ಷ. ಮದುವೆಯ ಮಾತು ಅವಳ ಬದುಕಿನಲ್ಲಿ ಎರಡು ಸಲ ಬಂದು, ಎರಡು ಸಲವೂ ತಮ್ಮನ ಓದಿನ ಬಾಗಿಲಲ್ಲಿ ನಿಂತು ಹಿಂದಿರುಗಿತ್ತು. ಮಂಡಿ ನೋವು, ಎರಡೂ ಕಣ್ಣಿಗೆ ಪೊರೆ, ಬಾಯಿ ಮಾತ್ರ ಚುರುಕು. ಬಾಗಿಲು ತೆರೆದವಳನ್ನು ನೋಡಿ ಅವನು ಒಂದು ಕ್ಷಣ ತಬ್ಬಿಬ್ಬಾದ. ಅಕ್ಕ ತಲೆ ಬಾಚಿ, ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು. ನಿವೃತ್ತಿಯ ದಿನ ಉಟ್ಟ ಸೀರೆ ಅದು.

"ಎಲ್ಲಿಗಾದ್ರೂ ಹೊರಟಿದ್ಯಾ ಅಕ್ಕಾ?"

"ಫೋಟೋ ತೆಗೀಬೇಕು, ಬರ್ತೀನಿ ಅಂತ ನೀನೇ ಅಲ್ವೇನೋ ಫೋನ್ ಮಾಡಿದ್ದು?"

"ಫೋಟೋ ನೋಟ್‌ಬುಕ್ಕಿಂದು."

"ಓ," ಎಂದಳು ಅಕ್ಕ. ಆಮೇಲೆ ನಕ್ಕಳು. "ನೋಡು, ನಾನೆಂಥ ಗೂಬೆ! ಈ ಮುಖ ಯಾರಿಗೆ ಬೇಕು. ಬಾ, ಕೂತ್ಕೋ. ಟೀಚರಮ್ಮ ಬೇರೆ ಹೂ ಮುಡ್ಕೊಳ್ರಿ ಅಂತ ಒತ್ತಾಯ ಮಾಡ್ತಿದ್ರು, ಸದ್ಯ ಮುಡ್ಕೊಳ್ಲಿಲ್ಲ."

ಟೀಚರಮ್ಮ ಎಂದರೆ ಪಕ್ಕದ ಮನೆಯಾಕೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಕ್ಕನ ಕಣ್ಣು ಮಂಜಾದ ಮೇಲೆ ದಿನವೂ ಬೆಳಿಗ್ಗೆ ಬಂದು ಪೇಪರ್ ಓದಿ ಹೇಳುವುದು, ಕಾಗದ ಪತ್ರ ಬಂದರೆ ಓದಿ ಹೇಳುವುದು, ಮಾತ್ರೆಯ ಹೆಸರು ಓದಿ ಹೇಳುವುದು ಎಲ್ಲ ಅವರೇ. ಅವನಿಗೆ ಅದು ಸಮಾಧಾನ. ತಾನು ಬಂದು ಓದಿ ಹೇಳಬೇಕಾಗಿಲ್ಲ.

ನೋಟ್‌ಬುಕ್ಕುಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಚೌಕುಳಿ ಹಾಳೆಯ ಹನ್ನೊಂದು ಪುಸ್ತಕ, ಕಂದು ಕಾಗದದ ರಟ್ಟು, ಒಂದೊಂದರ ಮೇಲೂ ವರ್ಷ. ಅಕ್ಕ ಬೆರಳಿನಿಂದ ಬೆನ್ನು ಸವರಿ ಸವರಿ ಎಣಿಸಿ, ಅವನು ಕೇಳಿದ ವರ್ಷದ್ದನ್ನು ತಪ್ಪದೆ ಎಳೆದು ಕೊಟ್ಟಳು. ವೈದ್ಯನ ಲೇಖನಕ್ಕಿಂತ ಹದಿನಾಲ್ಕು ವರ್ಷ ಹಳೆಯದು. ಪ್ರತಿ ಪುಟವೂ ಒಂದು ತಿಂಗಳು: ಅಡ್ಡಕ್ಕೆ ದಿನಗಳು, ಉದ್ದಕ್ಕೆ ನರ್ಸುಗಳ ಹೆಸರು, ಚೌಕಚೌಕದಲ್ಲೂ ಪೆನ್ಸಿಲ್ಲಿನ ಸಣ್ಣ ಗುರುತು, ಅಳಿಸಿ ಅಳಿಸಿ ಹಾಳೆ ತೆಳ್ಳಗಾದ ಜಾಗಗಳು. ಕೆಳಗೆ ಬಲಮೂಲೆಯಲ್ಲಿ ಅಕ್ಕನ ಗುಂಡಗಿನ ಸಹಿ. ಹತ್ತೊಂಬತ್ತು ವರ್ಷದ ಹಿಂದೆ ಅವಳ ಕಾಲು ಮುರಿದು ಮಂಚ ಹಿಡಿದಿದ್ದಾಗ ಇದೇ ಪುಸ್ತಕಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಚಾರ್ಟ್ ಹಾಕುತ್ತಿದ್ದಳು. 'ನಿನ್ನ ಕಂಪ್ಯೂಟರಿಗೆ ಇದು ಬರುತ್ತೇನೋ?' ಎಂದು ತಮಾಷೆಗೆ ಕೇಳಿದ್ದಳು. ಅವನು ಮೂರು ವಾರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತ. ಅವಳು ಹೇಳಿದಳು, ಅವನು ಟೈಪ್ ಮಾಡಿದ. ಮೊದಲ ಚಾರ್ಟ್ ಪರದೆಯ ಮೇಲೆ ಬಂದಾಗ ಪೆನ್ಸಿಲ್ ಹಿಡಿದು ತಾಳೆ ನೋಡಿ ಎರಡು ತಪ್ಪು ಹುಡುಕಿದ್ದಳು. ಏನು ಹೆಸರಿಡಲಿ ಎಂದದ್ದಕ್ಕೆ, 'ಸರದಿ ಅಂತಿಡು, ವಾರ್ಡಿನಲ್ಲಿ ದಿನ ಬೆಳಗಾದ್ರೆ ನಾವು ಅನ್ನೋದು ಅದೇ ಮಾತು' ಎಂದಿದ್ದಳು. ಹೌದು, ಹೆಸರು ಕೂಡ ಅವಳದೇ. ಲೋಕಕ್ಕೆ ಬಿಡುವ ದಿನ, ಬರೆದವರು ಯಾರು ಎಂಬ ಜಾಗದಲ್ಲಿ ತನ್ನ ಹೆಸರು ಟೈಪ್ ಮಾಡಿ, ಎಂಟರ್ ಒತ್ತಿ, ಎರಡನೆಯ ಸಾಲಿಗೆ ಬಂದು ಮಿನುಗುವ ಗೆರೆಯನ್ನು ನೋಡುತ್ತ ಅವನು ಸ್ವಲ್ಪ ಹೊತ್ತು ಕೂತಿದ್ದ. ಅಕ್ಕ ಕೋಡ್ ಬರೆದಿಲ್ಲವಲ್ಲ ಎನಿಸಿತು. ಎನಿಸಿದ್ದು ಎರಡು ಸೆಕೆಂಡು. ಹಿಂದಕ್ಕೆ ಬಂದು ಖಾಲಿ ಸಾಲನ್ನು ಅಳಿಸಿದ.

"ಲೋ," ಅಕ್ಕ ಇದ್ದಕ್ಕಿದ್ದಂತೆ ತಗ್ಗಿದ ದನಿಯಲ್ಲಿ ಕೇಳಿದಳು, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ಅದರಲ್ಲಿ ನಂದೂ ಹೆಸರು ಇದೆಯೇನೋ?"

ಹತ್ತೊಂಬತ್ತು ವರ್ಷದಲ್ಲಿ ಅವಳು ಇದನ್ನು ಕೇಳಿದ್ದು ಇದೇ ಮೊದಲು. ಕೇಳಿ ನಾಚಿಕೊಂಡವಳಂತೆ ಕಿಟಕಿಯ ಕಡೆ ತಿರುಗಿದಳು.

"ಇವತ್ತು ಅದಕ್ಕೇ ಮೀಟಿಂಗು," ಎಂದ ಅವನು. ಸುಳ್ಳು ಹೇಳಿದೆನೆಂದು ಅವನಿಗೆ ಅನಿಸಲಿಲ್ಲ. ಹೆಸರುಗಳ ವಿಷಯಕ್ಕೇ ತಾನೇ ಮೀಟಿಂಗು.

"ಹಾಗನ್ನು!" ಅಕ್ಕನ ಮುಖ ಅರಳಿತು. "ಸರಿಯಾಗಿ ತೆಗಿ ಹಾಗಾದ್ರೆ ಫೋಟೋ. ಬೆಳಕಿಗೆ ಹಿಡ್ಕೋ."

ಅವನು ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಬಿಡಿಸಿಟ್ಟ. ಹಾಳೆ ಮಡಚಿಕೊಳ್ಳುತ್ತಿತ್ತು, ಎಡಗೈಯಲ್ಲಿ ಒತ್ತಿ ಹಿಡಿಯಬೇಕಾಯಿತು. ಬಲಮೂಲೆಯನ್ನೇ ಒತ್ತಬೇಕೆಂದು ಅವನೇನೂ ಯೋಚಿಸಲಿಲ್ಲ, ಅಥವಾ ಯೋಚಿಸಿದ್ದನ್ನು ತನಗೆ ತಿಳಿಸಿಕೊಳ್ಳಲಿಲ್ಲ. ಹೆಬ್ಬೆರಳು ಹೋಗಿ ಆ ಗುಂಡಗಿನ ಸಹಿಯ ಮೇಲೆ ಕೂತಿತು. ಒಂದು ಪುಟ, ಎರಡನೆಯ ಪುಟ, ಐದನೆಯ ಪುಟ. ಆಗ ಅವನು ಗಮನಿಸಿದ: ಎಲ್ಲ ಪುಟಗಳಲ್ಲೂ ಎಡಗಡೆ ಹೆಸರುಗಳಿದ್ದವು, ಮೊದಲ ಸಾಲಿಗೆ ಮಾತ್ರ ಹೆಸರಿರಲಿಲ್ಲ. ಖಾಲಿ.

"ಮೊದಲ್ನೇ ಸಾಲು ಯಾರದು ಅಕ್ಕಾ? ಹೆಸರೇ ಇಲ್ಲ."

"ನಂದು. ನನ್ನ ಹೆಸರು ನಂಗೆ ಗೊತ್ತಿಲ್ವಾ, ಬರ್ಕೊಳ್ಳೋದ್ಯಾಕೆ?"

"ಒಂದು ನೈಟು ಜಾಸ್ತಿ ಇದೆ ಎಲ್ಲಾ ತಿಂಗಳೂ."

"ಇರುತ್ತೆ. ಹೇಗೆ ಹಂಚಿದ್ರೂ ಒಂದು ಮಿಗುತ್ತಲ್ಲೋ. ಅದನ್ನ ಯಾರ ಮೇಲೆ ಹಾಕಿದ್ರೂ ಮುಖ ಊದುತ್ತೆ. ಪಟ್ಟಿ ಹಾಕೋಳು ತಾನೇ ತಗೊಂಡ್ಬಿಟ್ರೆ ಯಾರೂ ತುಟಿ ಪಿಟಕ್ ಅನ್ನಲ್ಲ. ನಾನು ಚಾರ್ಟ್ ಹಾಕಿದಷ್ಟು ವರ್ಷ ನಮ್ಮ ವಾರ್ಡಲ್ಲಿ ಡ್ಯೂಟಿ ವಿಷಯಕ್ಕೆ ಒಂದು ಜಗಳ ಆಗಿಲ್ಲ ಗೊತ್ತಾ?" ಅಕ್ಕ ಹೆಮ್ಮೆಯಿಂದ ಹೇಳಿದಳು. "ಆವಾಗ ಕಾಲು ಮುರ್ಕೊಂಡು ಮಲಗಿದ್ದಾಗ ಹೇಳಿದ್ನಲ್ಲ ನಿಂಗೆ, ಮಿಕ್ಕಿದ್ದು ಮೊದಲ್ನೇ ಸಾಲಿಗೆ ಹಾಕು ಅಂತ."

ಹೇಳಿದ್ದಳು. ಮೊದಲ ಸಾಲಿಗೆ ಹಾಕು ಎಂದಿದ್ದಳು, ಅವನು ಹಾಕಿದ್ದ. ಯಾಕೆ ಎಂದು ಅವನು ಕೇಳಿರಲಿಲ್ಲ. ಲೋಕದ ಆಸ್ಪತ್ರೆಗಳಲ್ಲೆಲ್ಲ ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ತುಂಬಿದರು. ಎಲ್ಲಿಯೋ ಹೆಸರು ಮೊದಲ ಅಕ್ಷರದಿಂದ ಶುರುವಾದ ಯಾವಳೋ ಒಬ್ಬಳ ತಲೆಗೆ ಪ್ರತಿ ತಿಂಗಳೂ ಆ ಮಿಕ್ಕ ರಾತ್ರಿ ಬಂದು ಬಿತ್ತು. ದೂರುಗಳ ಪಟ್ಟಿಯಲ್ಲಿ ಅದು ಹದಿನೇಳನೆಯದು. ವರ್ಷ ವರ್ಷವೂ ಯಾರಾದರೂ ಬಂದು ಅದೇ ದೂರನ್ನು ತೆರೆಯುವರು. ವರ್ಷ ವರ್ಷವೂ ಅವನು 'ಇದು ದೋಷವಲ್ಲ, ವಿಧಾನವೇ ಹೀಗೆ' ಎಂದು ಬರೆದು ಮುಚ್ಚುವನು. ಬದಲಾಯಿಸಿದರೆ ಲೆಕ್ಕವೆಲ್ಲ ಅಲುಗಾಡೀತೆಂಬ ಹೆದರಿಕೆ ಒಂದು, ನನಗೆ ಹೇಳಲು ಇವರ್ಯಾರು ಎಂಬ ಹಟ ಇನ್ನೊಂದು. ಗುಬ್ಬಿ ಆ ಮೊದಲ ಸಾಲಿನ ನರ್ಸುಗಳಲ್ಲಿ ಒಬ್ಬಳಾಗಿದ್ದವಳು. ಅದನ್ನು ಸರಿಪಡಿಸಲೆಂದೇ ಕೋಡ್ ಬರೆಯಲು ಕಲಿತವಳು. ಅವಳು ಕಳಿಸಿದ ತಿದ್ದುಪಡಿಯನ್ನು ಅವನು ಮೂರು ಸಲ ತಿರಸ್ಕರಿಸಿದ ಮೇಲೇ ಅವರೆಲ್ಲ ಎದ್ದು ಹೋದದ್ದು. ಈಗ ಅವರ 'ಹಗುರ'ದಲ್ಲಿ ಆ ಮಿಕ್ಕ ರಾತ್ರಿಗೆ ಚೀಟಿ ಎತ್ತುತ್ತಾರೆ. ಪಟ್ಟಿ ಹಾಕುವವರು ತಾವು ತೆಗೆದುಕೊಳ್ಳಿ ಎಂದು ಒಂದೇ ಒಂದು ಸಾಲಿನ ವಿವರಣೆ ಅವನು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮತ್ತೆ ಆ ಎಂಟನೆಯ ರಾತ್ರಿ! ಯಾರೂ ಅಕ್ಕನ ತಲೆಯ ಮೇಲೆ ಹಾಕಿರಲಿಲ್ಲ. ಆಗಲೂ ವಾರ್ಡಿನ ಚಾರ್ಟ್ ಹಾಕುತ್ತಿದ್ದವಳು ಅವಳೇ; ಪೆನ್ಸಿಲ್ ಹಿಡಿದು, ತಮ್ಮ ಒಬ್ಬನೇ ಮಲಗುತ್ತಾನೆಂದು ಗೊತ್ತಿದ್ದೂ, ತನ್ನ ಸಾಲಿಗೆ ಬರೆದುಕೊಂಡಿದ್ದಳು. ವಾರ್ಡಿನವರ ಮುಖ ಊದಬಾರದೆಂದು ಅವನ ದೀಪ ಬೆಳಗಿನವರೆಗೆ ಉರಿದಿತ್ತು. ಹಾಗಾದರೆ ಆ ರಾತ್ರಿಗಳಲ್ಲಿ ತನ್ನದೂ ಪಾಲಿದೆಯಲ್ಲ ಎಂದು ಅವನಿಗೆ ಹೊಳೆಯಿತು. ಹೊಳೆದದ್ದೇ, ಅವನ ಹೆಬ್ಬೆರಳು ಇನ್ನಷ್ಟು ಗಟ್ಟಿಯಾಗಿ ಒತ್ತಿತು.

"ಮುಗೀತೇನೋ? ಬರೀ ಫೋಟೋ ಸಾಲದು ಅಂದ್ರೆ ಪುಸ್ತಕಾನೇ ತಗೊಂಡ್ಹೋಗು," ಎಂದಳು ಅಕ್ಕ. "ಆದ್ರೆ ಇವತ್ತೇ ವಾಪಸ್ ತಂದ್ಕೊಡು. ನನ್ನ ಹತ್ರ ಇನ್ನೇನಿದೆ."

ನಾಲ್ಕು ಗಂಟೆಗೆ ಅವನ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಆರು ಚೌಕಗಳಲ್ಲಿ ಆರು ಮುಖಗಳು ತೆರೆದುಕೊಂಡವು. ಗುಬ್ಬಿ ಅವನು ಊಹಿಸಿದ ಹಾಗಿರಲಿಲ್ಲ. ಮೂವತ್ತೈದರ ಆಸುಪಾಸಿನ, ಕಣ್ಣ ಕೆಳಗೆ ಕಪ್ಪು ಕಟ್ಟಿದ, ದಣಿದ ಹೆಂಗಸು. ಹಿಂದಿನ ಗೋಡೆಯಲ್ಲಿ ಬಟ್ಟೆ ಒಣಗಿಹಾಕಿದ ಹಗ್ಗ. ಜಗಳಕ್ಕೆಂದು ಮಸೆದು ತಂದಿದ್ದ ಮಾತುಗಳು ಅವನ ಬಾಯಲ್ಲೇ ಮೊಂಡಾದವು. ಅವನು ಮಧ್ಯಾಹ್ನ ಕಳಿಸಿದ್ದ ಫೋಟೋಗಳನ್ನು ಅವಳು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಳು. ಹೊರಗಿನವರು ಯಾರು ಬೇಕಾದರೂ ನೋಡಬಹುದಾದ ಪುಟ ಅದು. ಆ ಮಂದಿಯಲ್ಲಿ ಮುಚ್ಚುಮರೆ ಎಂಬುದಿಲ್ಲ.

"ಮೊದಲು ಕ್ಷಮೆ ಕೇಳ್ಬೇಕು ಸರ್," ಎಂದಳು. "ಇಷ್ಟು ಹಳೇದು ಇರುತ್ತೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ. ಡಾಕ್ಟರು ನೋಡಿ ತಾವೇ ಹಿಂದೆ ಸರಿದ್ರು. ಎಷ್ಟು ಚೆನ್ನಾಗಿದೆ ಕೈಬರಹ, ನಿಮ್ದೇನಾ?"

"ಹೂಂ," ಎಂದ.

"ಮೂಲೇಲಿ ಬೆರಳು ಅಡ್ಡ ಬಂದಿದೆ, ಪರವಾಗಿಲ್ಲ. ನಂಗೆ ಒಂದೇ ಒಂದು ಕೇಳ್ಬೇಕಿತ್ತು." ಅವಳು ಚಿತ್ರವನ್ನು ಹಿಗ್ಗಿಸಿದಳು. ಹೆಸರಿಲ್ಲದ ಮೊದಲ ಸಾಲು ಪರದೆಯ ತುಂಬ ಬಂದು ನಿಂತಿತು. ಅಳಿಸಿ ತೆಳ್ಳಗಾದ ಹಾಳೆಯ ನಾರು ಕೂಡ ಕಾಣುತ್ತಿತ್ತು. "ಇಲ್ಲಿ ಹೆಸರಿಲ್ಲ. ಮಿಕ್ಕ ನೈಟು ಪ್ರತಿ ತಿಂಗಳೂ ಇಲ್ಲೇ ಇದೆ. ನಾನು ಹನ್ನೆರಡು ವರ್ಷ ನರ್ಸಾಗಿದ್ದೋಳು ಸರ್. ನಾಲ್ಕು ವರ್ಷ ಆ ಮೊದಲ ಸಾಲು ನಂದೇ ಆಗಿತ್ತು. ನಿಮ್ಮನ್ನ ಎಷ್ಟು ಬೈದಿದೀನೋ ನಂಗೇ ಗೊತ್ತಿಲ್ಲ. ಇದನ್ನ ನೋಡಿದಾಗ ಅನ್ನಿಸ್ತು, ಇದು ಪಟ್ಟಿ ಹಾಕಿದೋರ ಸಾಲಲ್ವಾ? ತಾವೇ ತಗೊಳ್ತಿದ್ರು ಅಲ್ವಾ? ಹಾಗಿದ್ರೆ ಅದು ತಪ್ಪೇ ಅಲ್ಲ ಸರ್. ಅಷ್ಟು ಒಳ್ಳೇ ನಿಯಮ ನಾನು ಯಾವ ಆಸ್ಪತ್ರೇಲೂ ನೋಡಿಲ್ಲ. ಚೀಟಿ ಎತ್ತೋದು ಬಿಟ್ಟು ಇದನ್ನೇ ವಾಪಸ್ ಹಾಕ್ತೀವಿ. ಆ ನಿಯಮಕ್ಕೆ ಆ ಸಾಲಿನವರ ಹೆಸರೇ ಇಡ್ತೀವಿ. ನೀವಂತೂ ನರ್ಸಲ್ಲ, ಯಾರಿಗೋ ಕೂತು ಬರ್ಕೊಟ್ಟಿರ್ಬೇಕು. ಯಾರು ಸರ್ ಅವರು?"

ಆರು ಮುಖಗಳು ಕಾಯುತ್ತಿದ್ದವು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಹೆಂಡತಿ ಬಾಗಿಲಿಗೆ ಒರಗಿ ನಿಂತಿರಬಹುದು, ಅವನು ತಿರುಗಿ ನೋಡಲಿಲ್ಲ. ನನ್ನ ಅಕ್ಕ ಎಂದರೆ ಮುಗಿಯಿತು. ಎರಡೇ ಪದ. ಆದರೆ ಅದರ ಹಿಂದೆಯೇ ಹಾಗಾದರೆ ಪುಸ್ತಕ ಯಾರದು ಎಂಬುದು ಬರುತ್ತದೆ, ಕೈಬರಹ ಯಾರದು ಎಂಬುದು ಬರುತ್ತದೆ, ಈಗ ತಾನೇ ಹೂಂ ಅಂದಿರಲ್ಲ ಎಂಬುದು ಬರುತ್ತದೆ. ಆ ಹೊರಗಿನ ಪುಟದಲ್ಲಿ ಎಲ್ಲರೂ ಅದನ್ನು ಓದುತ್ತಾರೆ. ಅಲ್ಪವಿರಾಮದವನು ಓದುತ್ತಾನೆ. ಮೊದಲ ಸಾಲೂ ಹೋಗಿ ನಲವತ್ತೊಂದನೆಯದೂ ಹೋಗುತ್ತದೆ.

"ಯಾರೂ ಅಲ್ಲ," ಎಂದ.

"ಅಂದ್ರೆ?"

"ಯಾರೂ ಅಲ್ಲ. ಸುಮ್ನೆ ಮಾದರಿಗೆ ಅಂತ ಹಾಕಿದ್ದು. ಮಿಕ್ಕಿದ್ದು ಎಲ್ಲಾದ್ರೂ ಕೂರಿಸ್ಬೇಕಿತ್ತು, ಅಲ್ಲಿ ಕೂರಿಸ್ದೆ."

ಗುಬ್ಬಿಯ ಮುಖ ಸಣ್ಣದಾಯಿತು. "ಹಾಗಾದ್ರೆ ಹದಿನೇಳನೇ ದೂರು..."

"ತಪ್ಪು. ನನ್ನದೇ ತಪ್ಪು. ಒಪ್ಕೋತೀನಿ."

ಹತ್ತೊಂಬತ್ತು ವರ್ಷ ಹಲ್ಲು ಕಚ್ಚಿ ಒಪ್ಪದೆ ಇದ್ದವನು, ಮಾಡದ ತಪ್ಪನ್ನು ಆರು ಜನರೆದುರು ಒಪ್ಪಿಕೊಂಡಿದ್ದ. "ಸರಿ ಸರ್," ಎಂದಳು ಗುಬ್ಬಿ, ಕಚೇರಿಯ ದನಿಯಲ್ಲಿ. "ಆ ನಿಯಮದ ಹಳೇ ಕುರುಹುಗಳು ಕೆಲವು ಕಡೆ ಉಳ್ಕೊಂಡಿವೆ, ತೆಗೆದುಹಾಕ್ತೀವಿ. ಮೂಲ ಕರ್ತೃ ಅಂತ ನಿಮ್ಮ ಒಪ್ಪಿಗೆ ಬೇಕು." ಪರದೆಯ ಮೇಲೆ ಒಂದು ಹಸಿರು ಗುಂಡಿ ಬಂತು. ಅಕ್ಕನ ಸೀರೆಯ ಹಸಿರಲ್ಲ, ಬೇರೆ ಹಸಿರು. ಅವನು ಒತ್ತಿದ. ಎರಡು ಸೆಕೆಂಡು ಕೂಡ ಹಿಡಿಯಲಿಲ್ಲ. ಪಟ್ಟಿ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ ನಲವತ್ತೊಂದನೆಯ ಸಾಲಿನಿಂದ ಅವನ ಹೆಸರು ಮಾಯವಾಯಿತು, ಮೊದಲ ಸಾಲಿನಲ್ಲಿ ಬಂದು ಕೂತಿತು: ಹೆಸರು, ಅದರ ಮುಂದೆ 'ಮೂಲ ವಿಧಾನ'. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬಂತು: 'ಮೊದಲ ಸಾಲಿಗೆ ಹೆಚ್ಚುವರಿ ರಾತ್ರಿ ಬೀಳುತ್ತಿದ್ದುದು ಮೂಲ ಕರ್ತೃವಿನ ತಪ್ಪು. ಅವರೇ ಒಪ್ಪಿ ತೆಗೆಸಿದ್ದಾರೆ.' ಅವನು ಕುರ್ಚಿಯಿಂದ ಏಳುವಾಗ ಹೆಂಡತಿ ಬಾಗಿಲಲ್ಲಿ ಇರಲಿಲ್ಲ. ಅಡುಗೆಮನೆಯ ನಲ್ಲಿ ಜೋರಾಗಿ ಸುರಿಯುತ್ತಿತ್ತು. "ಆಯ್ತು ಕಣೆ, ನನ್ನ ಹೆಸರು ಮೇಲೆ ಬಂತು," ಎಂದು ಕೂಗಿ ಹೇಳಿದ. ನಲ್ಲಿ ನಿಲ್ಲಲಿಲ್ಲ.

ಸ್ವಲ್ಪ ಹೊತ್ತಾದ ಮೇಲಾದರೂ ಸಂತೋಷ ಬರುತ್ತದೆ ಎಂದು ಅಕ್ಕನ ಮನೆಗೆ ಹೋಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾದ. ತೊಡೆಯ ಮೇಲೆ ಕಂದು ರಟ್ಟಿನ ಪುಸ್ತಕವಿತ್ತು. ಪುಸ್ತಕ ಕೊಟ್ಟು, ನಿಂತ ಕಾಲಲ್ಲೇ ಬಂದುಬಿಡಬೇಕೆಂದುಕೊಂಡು ಮೆಟ್ಟಿಲು ಹತ್ತಿದ. ಇನ್ನೂ ಬೆಳಕಿತ್ತು. ಅಕ್ಕ ಬಾಗಿಲು ತೆರೆದೇ ಕೂತಿದ್ದಳು, ಅದೇ ಹಸಿರು ಸೀರೆಯಲ್ಲಿ, ಸೆರಗು ಒಂದಿಷ್ಟೂ ಮುದುಡದ ಹಾಗೆ.

"ಬಂದ್ಯಾ! ಏನಾಯ್ತೋ?"

"ಆಯ್ತು ಅಕ್ಕಾ."

"ಹಾಕಿದ್ರಾ?"

ಇಲ್ಲ ಎನ್ನಬಹುದಿತ್ತು. ನಾಳೆ ಹಾಕುತ್ತಾರೆ ಎನ್ನಬಹುದಿತ್ತು. ಅಕ್ಕ ಕತ್ತು ಚಾಚಿ, ಮಂಜು ಕಣ್ಣುಗಳನ್ನು ಅವನ ಮುಖದ ಅಂದಾಜಿಗೆ ನೆಟ್ಟು ಕೂತಿದ್ದಳು. "ಹಾಕಿದ್ರು," ಎಂದ.

"ಎಲ್ಲಿ, ತೋರ್ಸು."

ತೋರಿಸಿದರೂ ಅವಳಿಗೆ ಏನು ಕಂಡೀತು? ಅವನು ಫೋನು ತೆಗೆದು ಆ ಪುಟ ತೆರೆದು ಅವಳ ಕೈಗೆ ಕೊಟ್ಟ. ಅಕ್ಕ ಅದನ್ನು ಮೂಗಿನ ತನಕ ತಂದಳು, ದೂರ ಹಿಡಿದಳು, ಕಿಟಕಿಯ ಕಡೆ ತಿರುಗಿಸಿದಳು. "ಬರೀ ಬೆಳ್ಳಗೆ ಕಾಣುತ್ತಪ್ಪ. ಎಲ್ಲಿದೆ ಅಂತ ಬೆರಳಿಡ್ಸು."

ಅವನು ಅವಳ ತೋರುಬೆರಳನ್ನು ಹಿಡಿದು ತನ್ನ ಹೆಸರಿನ ಮೇಲಿಟ್ಟ. ಪೆನ್ಸಿಲ್ ಹಿಡಿದು ಹಿಡಿದು ಗಂಟುಕಟ್ಟಿದ ಬೆರಳು, ಬೆಚ್ಚಗಿತ್ತು. "ಇಲ್ಲಿ. ಮೊದಲ್ನೇ ಸಾಲು."

"ಮೊದಲ್ನೇ ಸಾಲಾ!" ಅಕ್ಕ ಗೊಳ್ಳನೆ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ನನ್ನ ಕರ್ಮವೇ, ಹಾಗಾದ್ರೆ ಮಿಕ್ಕಿದ್ದು ಇಲ್ಲೂ ನಂಗೇ ಬಂತು ಅನ್ನು!"

ಅವನೂ ನಗಬೇಕೆಂದು ಬಾಯಿ ತೆರೆದ. ಫೋನಿಗಾಗಿ ಕೈ ಚಾಚಿದ. ಅಕ್ಕ ಅದನ್ನು ಎದೆಗೆ ಒತ್ತಿಕೊಂಡು, ಮಂಡಿಯ ಮೇಲೆ ಇನ್ನೊಂದು ಕೈಯೂರಿ ಎದ್ದು, ಎಂದೂ ಇಲ್ಲದ ಚುರುಕಿನಲ್ಲಿ ಬಾಗಿಲಿನ ತನಕ ನಡೆದುಬಿಟ್ಟಳು.

"ಅಕ್ಕಾ, ಕೊಡು, ಬ್ಯಾಟರಿ ಹೋಗುತ್ತೆ."

"ಇರೋ ಒಂದ್ನಿಮಿಷ," ಎಂದಳು ತಿರುಗಿ ನೋಡದೆ. "ಟೀಚರಮ್ಮಾ! ಕನ್ನಡಕ ಹಾಕ್ಕೊಂಡು ಬನ್ರೀ ಇಲ್ಲಿ! ನನ್ನ ಹೆಸರು ಬಂದಿದೆಯಂತೆ, ಎಲ್ಲಾನೂ ಜೋರಾಗಿ ಓದಿ ಹೇಳ್ರೀ!"

ಪಕ್ಕದ ಮನೆಯ ಚಿಲಕ ತೆಗೆದ ಸದ್ದಾಯಿತು. ಫೋನು ಇನ್ನೂ ಅಕ್ಕನ ಕೈಯಲ್ಲೇ ಇತ್ತು.